ಸೀಮೆಸುಣ್ಣದ ಕುದುರೆ, ಲೆಕ್ಕದ ಗಂಟೆ

ಏವ್‌ಬರಿ ಎಂಬ ಊರು ಕಲ್ಲುಗಳ ಒಳಗೆ ಕೂತಿದೆ. ಊರೊಳಗೆ ಹಳೆಯ ಕಲ್ಲುಗಳಿರುವುದು ನಮಗೇನೂ ಹೊಸತಲ್ಲ. ವೀರಗಲ್ಲೋ ಮಾಸ್ತಿಕಲ್ಲೋ ಇಲ್ಲದ ಊರು ಮಲೆನಾಡಿನಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ಇಲ್ಲಿ ಅದು ತಿರುವುಮುರುವು. ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯಲ್ಲಿ, ಇಂದಿಗೆ 4,500 ವರ್ಷಗಳಷ್ಟು ಹಿಂದೆ, ಜಿಂಕೆಯ ಕೊಂಬನ್ನೇ ಗುದ್ದಲಿ ಮಾಡಿಕೊಂಡ ಜನ ಸುಣ್ಣದ ನೆಲವನ್ನು 9 ಮೀಟರ್ ಆಳಕ್ಕೆ ಬಗೆದು ಉರುಟಾಗಿ ಕಂದಕ ತೋಡಿದರು. ತೆಗೆದ ಮಣ್ಣನ್ನು ಹೊರಗೆ ದಿಬ್ಬ ಹಾಕಿದರು. ಒಳಗೆ ಆಳೆತ್ತರದ, ಎರಡಾಳೆತ್ತರದ ಬಂಡೆಗಳನ್ನು ವೃತ್ತವಾಗಿ ನಿಲ್ಲಿಸಿದರು. ಆ ವೃತ್ತದ ಅಡ್ಡಗಲ 330 ಮೀಟರ್. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಕಲ್ಲುವೃತ್ತ ಇನ್ನೊಂದಿಲ್ಲ. ಎಷ್ಟೋ ಶತಮಾನ ಕಳೆದ ಮೇಲೆ ಅದರೊಳಗೆ ಒಂದು ಊರು ಬಂದು ಸೇರಿಕೊಂಡಿತು. ಈಗ ವೃತ್ತವನ್ನು ಸೀಳಿಕೊಂಡು ಡಾಂಬರು ರಸ್ತೆ ಹೋಗುತ್ತದೆ, ಬಸ್ಸು ಬಂದು ನಿಲ್ಲುತ್ತದೆ, ಹುಲ್ಲುಮಾಡಿನ ಪಬ್ಬಿನ ಮುಂದೆ ಜನ ಬಿಸಿಲಿಗೆ ಮೈಯೊಡ್ಡಿ ಬಿಯರ್ ಕುಡಿಯುತ್ತಾರೆ. ಕುರಿಗಳು ಬಂಡೆಗೆ ಬೆನ್ನು ತಿಕ್ಕಿಕೊಳ್ಳುತ್ತವೆ.

"ಮುಟ್ಟೇ ಮಾರಾಯ್ತಿ, ಯಾರೂ ಬೈಯಲ್ಲ" ಅಂದಳು ಗೆಳತಿ.

ಸಾಗರದ ಹೈಸ್ಕೂಲಿನಲ್ಲಿ ನನ್ನ ಪಕ್ಕದ ಬೆಂಚಿನವಳು, ಈಗ ಈ ಸೀಮೆಯಲ್ಲಿ ಮಕ್ಕಳ ಡಾಕ್ಟರು. ಗಂಡ ಧಾರವಾಡದ ಕಡೆಯವರು, ಇಂಜಿನಿಯರು. ಲಂಡನ್ನಿನವರೆಗೆ ಬಂದವಳು ನಮ್ಮನೆಗೆ ಬರದಿದ್ದರೆ ಮಾತೇ ಬಿಡುತ್ತೇನೆಂದು ಅವಳು ಹೆದರಿಸಿದ್ದಕ್ಕೆ ಜುಲೈನ ಒಂದು ವಾರ ಅವರ ಮನೆಯಲ್ಲಿ ಬಿಡಾರ ಹೂಡಿದೆ. ಪ್ಯಾಡಿಂಗ್ಟನ್ನಿನಲ್ಲಿ ರೈಲು ಹತ್ತಿದರೆ ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಪ್ಯೂಸಿ ಎಂಬ ಪುಟ್ಟ ನಿಲ್ದಾಣ. ಅಲ್ಲಿಂದ ಬೇಲಿಗಳ ನಡುವೆ ಒಂದೇ ಕಾರು ಹಿಡಿಯುವ ರಸ್ತೆಯಲ್ಲಿ ಅವರ ಹಳ್ಳಿ. ರಾತ್ರಿ ಹತ್ತರವರೆಗೂ ಬೆಳಕು ಆರದ ದಿನಗಳು. ಊಟ ಮುಗಿಸಿ ಎದ್ದರೂ ಇನ್ನೂ ಒಂದು ಊರು ನೋಡಿ ಬರುವಷ್ಟು ಬೆಳಕಿರುತ್ತಿತ್ತು.

ಏವ್‌ಬರಿಯ ಕಲ್ಲುಗಳು ನಿಂತ ಠೀವಿ ನೋಡಿದರೆ ಅವು ಅಲ್ಲಾಡಿಯೇ ಇಲ್ಲ ಎನಿಸುತ್ತದೆ. ನಿಜ ಬೇರೆಯೇ ಇದೆ. 1649ರಲ್ಲಿ ಜಾನ್ ಆಬ್ರಿ ಎಂಬ ಹಳಮೆಯ ಹುಚ್ಚಿನ ಯುವಕ ಬೇಟೆಗೆ ಬಂದವನು ಇವನ್ನು ಕಂಡು ಬೆಪ್ಪಾದ. ಮುಂದೆ ದೊರೆ ಎರಡನೆಯ ಚಾರ್ಲ್ಸನನ್ನೇ ಕರೆತಂದು ತೋರಿಸಿದ. ದೊರೆ ನೋಡಿ ಹೋದ ಮೇಲೂ ಊರವರಿಗೆ ಅವು ಮನೆ ಕಟ್ಟಲು ಸಿಕ್ಕ ಪುಕ್ಕಟೆ ಕಲ್ಲುಗಳೇ. ಬಂಡೆಯ ಬುಡಕ್ಕೆ ಗುಂಡಿ ತೋಡಿ, ಹುಲ್ಲು ಸೌದೆ ಒಟ್ಟಿ ಉರಿಹಚ್ಚಿ, ಕಾದ ಮೈಮೇಲೆ ಗೆರೆ ಹಿಡಿದು ತಣ್ಣೀರು ಸುರಿದು, ಸುತ್ತಿಗೆಯಲ್ಲಿ ಬಡಿದರೆ ಸೀಳು. ಬೆಂಗಳೂರಿನ ಸುತ್ತ ಬೆಂಕಿಯಿಟ್ಟು ಬಂಡೆ ಎಬ್ಬಿಸುತ್ತಿದ್ದ ಕಲ್ಲುಕುಟಿಗರಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1720ರ ದಶಕದಲ್ಲಿ ವಿಲಿಯಂ ಸ್ಟ್ಯೂಕ್ಲಿ ಇಲ್ಲಿ ಕೂತು ಚಿತ್ರ ಬರೆಯುತ್ತಿದ್ದಾಗ ಅವನ ಕಣ್ಣೆದುರೇ ಒಂದೊಂದು ಕಲ್ಲು ಒಡೆದುಹೋಗುತ್ತಿತ್ತು. ಇನ್ನಷ್ಟು ಕಲ್ಲುಗಳನ್ನು ಅದಕ್ಕೂ ಮೊದಲೇ ನೆಲಕ್ಕೆ ಕೆಡವಿ ಹೂತಿದ್ದರು.

ಇವುಗಳಲ್ಲಿ ಹಲವನ್ನು ಮತ್ತೆ ಎಬ್ಬಿಸಿದ್ದು ಮಾರ್ಮಲೇಡ್. ತಮಾಷೆಯಲ್ಲ. ಅಲೆಕ್ಸಾಂಡರ್ ಕೀಲರ್ ಸ್ಕಾಟ್ಲೆಂಡಿನ ಡಂಡೀ ಊರಿನ ಮಾರ್ಮಲೇಡ್ ಮನೆತನದ ವಾರಸುದಾರ. ಕಿತ್ತಳೆ ಸಿಪ್ಪೆಯಿಂದ ಬಂದ ದುಡ್ಡನ್ನು ತಂದು ಈ ನೆಲಕ್ಕೆ ಸುರಿದ. 1930ರ ದಶಕದಲ್ಲಿ ಹೂತ ಕಲ್ಲುಗಳನ್ನು ಅಗೆದು, ಹಳೆಯ ಕುಳಿ ಹುಡುಕಿ, ಅದರಲ್ಲೇ ನೆಟ್ಟ. ಕಲ್ಲು ಪೂರಾ ನಾಶವಾದ ಕಡೆ ಕಾಂಕ್ರೀಟಿನ ಗಿಡ್ಡ ಗೂಟ ನಿಲ್ಲಿಸಿದ. 1938ರಲ್ಲಿ ಎತ್ತಿದ ಒಂದು ಬಂಡೆಯ ಅಡಿಯಲ್ಲಿ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಜೊತೆಗೆ 14ನೇ ಶತಮಾನದ ಆರಂಭದ ನಾಣ್ಯ, ಒಂದು ಕತ್ತರಿ. ಊರೂರು ತಿರುಗಿ ಕ್ಷೌರವನ್ನೂ ಸಣ್ಣಪುಟ್ಟ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದವನಿರಬೇಕೆಂದು ಊಹಿಸಿದರು. ಆ ಬಂಡೆ ಈಗಲೂ ಅವನ ಕಸುಬಿನ ಹೆಸರಿನಲ್ಲೇ ನಿಂತಿದೆ.

ನನಗೆ ಹಿರೇಬೆಣಕಲ್ ನೆನಪಾಯಿತು. ಗಂಗಾವತಿಯ ಹತ್ತಿರದ ಆ ಗುಡ್ಡದ ಮೇಲೆ ಚಪ್ಪಡಿಕಲ್ಲಿನ ಮನೆಗಳಂಥ ಶಿಲಾಸಮಾಧಿಗಳು ನೂರಾರು. ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್, ಲಿವರ್‌ಪೂಲಿನಲ್ಲಿ ಹುಟ್ಟಿದವನು, ಕೃಷ್ಣಾ ಭೀಮಾ ತೀರದ ಇಂಥ ಕಲ್ಲುಗೋರಿಗಳನ್ನು ಕಂಡು, ತನ್ನ ದೇಶದ ಕಲ್ಲುಗಳಿಗೂ ಇವಕ್ಕೂ ಇರುವ ಹೋಲಿಕೆಗೆ ಬೆರಗಾಗಿ ಬರೆದ. ಅವನು ಅಲ್ಲಿ ನಿಂತು ಇಲ್ಲಿಯದನ್ನು ನೆನೆದ. ನನ್ನದು ಅದಕ್ಕೆ ಎದುರು ಬದುರು. ಒಂದು ವ್ಯತ್ಯಾಸ ಮಾತ್ರ ಚುಚ್ಚಿತು. ಹಿರೇಬೆಣಕಲ್ಲಿನಲ್ಲಿ ನಿಧಿಗಳ್ಳರು ಕೆಡವಿದ ಚಪ್ಪಡಿಗಳನ್ನು ಎತ್ತಿ ನಿಲ್ಲಿಸಲು ಇನ್ನೂ ಯಾವ ಮಾರ್ಮಲೇಡಿನ ಸಾಹುಕಾರನೂ ಬಂದಿಲ್ಲ.

ಏವ್‌ಬರಿಯಿಂದ ಸಿಲ್ಬರಿ ಗುಡ್ಡದ ಕಡೆಗೆ ನಡೆದೇ ಹೊರಟೆವು. ಯುರೋಪಿನಲ್ಲೆಲ್ಲ ಅತಿ ಎತ್ತರದ ಇತಿಹಾಸಪೂರ್ವ ದಿಬ್ಬ, ಮನುಷ್ಯರು ಬುಟ್ಟಿಬುಟ್ಟಿ ಹೊತ್ತು ಹಾಕಿದ್ದು. ಒಳಗೆ ರಾಜನ ಹೆಣವಿದೆ, ಚಿನ್ನದ ಕುದುರೆಯಿದೆ ಎಂದು ನಂಬಿ 1776ರಿಂದಲೇ ಕೊರೆಯತೊಡಗಿದರು. ಏನೂ ಸಿಗಲಿಲ್ಲ. ಕೊರೆದ ತೂತುಗಳೇ ಕುಸಿದು 2000ದಲ್ಲಿ ನೆತ್ತಿಯಲ್ಲಿ ಗುಂಡಿ ಬಿತ್ತು; ಸುಣ್ಣದ ಕಲ್ಲು ತುಂಬಿ ಮುಚ್ಚಬೇಕಾಯಿತು. ಯಾಕೆ ಕಟ್ಟಿದರೆಂದು ಇವತ್ತಿಗೂ ಯಾರಿಗೂ ತಿಳಿಯದು. ನನಗೆ ಅದೇ ಇಷ್ಟವಾಯಿತು.

ಆ ಕಡೆ ಹೋಗುವ ದಾರಿ ಬಾರ್ಲಿ ಹೊಲದ ನಟ್ಟನಡುವೆ. ಬೆಳೆದು ನಿಂತ ಪೈರಿನ ಮಧ್ಯೆ ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ಅಗಲದ ಹಾದಿ ಬೈತಲೆಯಂತೆ ನೇರ ಹೋಗಿದೆ. ನಾನು ಬೇಲಿಯ ಬಳಿಯೇ ನಿಂತೆ. ಪರರ ಗದ್ದೆಗೆ ಕಾಲಿಡುವುದಕ್ಕೆ ನಮ್ಮ ಕಡೆ ಮುಖಪರಿಚಯವಾದರೂ ಬೇಡವೇ? "ಇದು ಕಾಲುದಾರಿ ಕಣೆ. ಹೊಲ ಅವನದ್ದು, ದಾರಿ ಎಲ್ಲರದ್ದು" ಎಂದು ಅವಳು ಮುಂದೆ ನಡೆದಳು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಇಂಥ ಸಾರ್ವಜನಿಕ ಹಕ್ಕಿನ ದಾರಿಗಳು ಸುಮಾರು 2,25,000 ಕಿಲೋಮೀಟರ್ ಇವೆ. ಉತ್ತು ಬಿತ್ತಿ ಮುಗಿದ ಮೇಲೆ ರೈತನೇ ದಾರಿಯನ್ನು ಮತ್ತೆ ಮೂಡಿಸಿ ಕೊಡಬೇಕು, ಕಾನೂನು ಹಾಗಿದೆ. 1949ರ ಕಾಯ್ದೆ ಬಂದ ಮೇಲೆ ಊರೂರಿನ ದಾರಿಗಳನ್ನೂ ನಕ್ಷೆಗೆ ಏರಿಸಿದರು. ಅದಕ್ಕೂ ಮೊದಲು, 1932ರಲ್ಲಿ, ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಮ್ಯಾಂಚೆಸ್ಟರಿನ ಕಡೆಯ ಕೂಲಿಕಾರ ಹುಡುಗರು ಜಮೀನ್ದಾರರ ಕಾವಲುಗಾರರನ್ನು ಎದುರಿಸಿ ಗುಂಪಾಗಿ ಹತ್ತಿದ್ದರು. ಕೆಲವರು ಜೈಲಿಗೂ ಹೋದರು. ನಡೆಯುವುದಕ್ಕಾಗಿ ಜೈಲು! ಈಗ ನಾನು ಬಾರ್ಲಿಯ ಮೀಸೆ ಸವರಿಕೊಂಡು ಹೋಗುತ್ತಿರುವುದರಲ್ಲಿ ಅವರ ಪಾಲೂ ಇದೆ. ಎದುರಿಗೆ ಎಂಬತ್ತರ ಆಸುಪಾಸಿನ ಅಜ್ಜ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಗಿಡ ಕತ್ತರಿಸುವ ಕತ್ತರಿ ಹಿಡಿದು ಬರುತ್ತಿದ್ದ. ದಾರಿಗೆ ಬಾಗಿದ ಚುರುಚುರಿಕೆ ಗಿಡಗಳನ್ನು ಕತ್ತರಿಸಿ ಬದಿಗೆ ಸರಿಸುತ್ತ, ಹವೆಯ ವಿಚಾರ ಎರಡು ಮಾತಾಡಿ ಮುಂದೆ ಹೋದ. ಯಾರೂ ಸಂಬಳ ಕೊಡುವುದಿಲ್ಲವಂತೆ.

ಗೆಳತಿಯ ಹಳ್ಳಿಯ ಹುಲ್ಲುಮಾಡಿನ ಮನೆಗಳ ಕಥೆಯೂ ಹೀಗೇ. ಅಂಚಿನಲ್ಲಿ ನೇರ ಕತ್ತರಿಸಿದ, ಗೇಣುಗಟ್ಟಲೆ ದಪ್ಪದ ಮಾಡು. ಒಂದರ ಏಣಿನ ಮೇಲೆ ಹುಲ್ಲಿನದೇ ಒಂದು ಕಾಡುಕೋಳಿ ಕೂತಿದೆ, ಹೊದಿಸಿದವನ ರುಜು. ಸೋಗೆ ಹೊದಿಸಿದ ಕೊಟ್ಟಿಗೆಗಳ ಕೆಳಗೆ ಆಡಿದ ನನಗೆ ಇದರಲ್ಲೇನು ವಿಶೇಷ ಎನಿಸಿತ್ತು. ಈಗಿನ ಗೋಧಿ ಗಿಡ್ಡ, ಅದರ ಹುಲ್ಲು ಮಾಡಿಗೆ ಬಾರದು. ಕಟಾವು ಯಂತ್ರ ಅದನ್ನೂ ಜಜ್ಜಿಬಿಡುತ್ತದೆ. ಆದ್ದರಿಂದ ಮಾಡಿಗೆಂದೇ ಹಳೆಯ ಎತ್ತರದ ತಳಿಯ ಗೋಧಿಯನ್ನು ಬೆಳೆಯುವ ರೈತರಿದ್ದಾರೆ. ಕೊಯ್ದು ಸಿವುಡು ಕಟ್ಟುವ ಅಜ್ಜನ ಕಾಲದ ಯಂತ್ರಗಳನ್ನು ಎಣ್ಣೆ ಹಾಕಿ ಇಟ್ಟುಕೊಂಡಿದ್ದಾರೆ. ಹುಲ್ಲನ್ನು ಮಾಡಿಗೆ ಕಚ್ಚಿಸುವ ಹೇಝಲ್ ಕಡ್ಡಿಗಳಿಗಾಗಿ ಗಿಡಗಳನ್ನು ಬುಡಕ್ಕೆ ಕಡಿದು ಚಿಗುರಿಸುವವರು ಬೇರೆ. ಒಂದು ಮಾಡು ಹಳೆಯದಾಗಿ ಕಾಣಬೇಕಾದರೆ ಇಷ್ಟು ಜನ ದುಡಿಯಬೇಕು. ನಮ್ಮಲ್ಲಿ ಹಳೆಯದನ್ನು ಬಿಟ್ಟರೆ ತಾನೇ ಉಳಿದೀತು ಎಂಬ ಒಂದು ಭಾವನೆ ಇದೆಯಲ್ಲ, ಅದು ಇಲ್ಲಿ ದಿನಕ್ಕೊಂದು ಏಟು ತಿನ್ನುತ್ತ ಹೋಯಿತು.

ಒಂದು ಸಂಜೆ ಗೆಳತಿಯ ಗಂಡ, "ನಡೀರಿ ಅಕ್ಕಾರ, ಗಂಟಿ ಹೊಡ್ಯಾಕ ಹೋಗೂಣು" ಅಂದರು. ಅವರು ಹಳ್ಳಿಯ ಚರ್ಚಿನ ಗಂಟೆ ಬಾರಿಸುವ ತಂಡದಲ್ಲಿದ್ದಾರೆ. ಕಿರಿದಾದ ಸುರುಳಿ ಮೆಟ್ಟಿಲು ಹತ್ತಿದರೆ ಗೋಪುರದ ಒಂದು ಕೋಣೆ. ಮೇಲಿನ ಚಾವಣಿಯ ತೂತುಗಳಿಂದ ಆರು ಹಗ್ಗಗಳು ಇಳಿಬಿದ್ದಿವೆ, ಕೈ ಹಿಡಿಯುವಲ್ಲಿ ಬಣ್ಣಬಣ್ಣದ ಉಣ್ಣೆಯ ಹಿಡಿಕೆ. ಗಂಟೆಗಳು ಕಾಣುವುದಿಲ್ಲ. ಅಂಚೆ ಹಂಚುವವಳು, ನಿವೃತ್ತ ಮೇಷ್ಟ್ರು, ಒಬ್ಬ ಕಾಲೇಜು ಹುಡುಗಿ, ಧಾರವಾಡದ ನಮ್ಮ ಇಂಜಿನಿಯರು, ಹೀಗೆ ಆರು ಮಂದಿ ಉರುಟಾಗಿ ನಿಂತರು. ಅತಿ ಸಣ್ಣ ಗಂಟೆಯ ಹಗ್ಗ ಹಿಡಿದವಳು ಎಚ್ಚರಿಕೆ ಕೊಟ್ಟು, ಎಳೆದು, "ಹೋದಳು" ಎಂದು ಸಾರಿದಳು. ಇಲ್ಲಿ ಗಂಟೆಗಳೆಲ್ಲ ಹೆಂಗಸರು.

ಆಮೇಲೆ ಆದದ್ದು ಹಾಡಲ್ಲ. ಮೊದಲು ಸಣ್ಣದರಿಂದ ದೊಡ್ಡದರವರೆಗೆ ಇಳಿಯುವ ಆರು ಸ್ವರ. ಮತ್ತೆ ಅದೇ. ಮತ್ತೆ ಅದೇ. ಆಮೇಲೆ ಒಂದು ಕಡೆ ಎರಡು ಸ್ವರ ಜಾಗ ಬದಲಿಸಿಕೊಂಡವು. ಮುಂದಿನ ಸಾಲಿನಲ್ಲಿ ಇನ್ನೆರಡು. ಸಾಲಿನಿಂದ ಸಾಲಿಗೆ ಒಂದು ಗಂಟೆ ಒಂದೇ ಸ್ಥಾನ ಸರಿಯಬಹುದು, ಅಷ್ಟೇ. ಗಂಟೆ ಬಾಯಿ ಮೇಲಾಗಿ ನಿಂತು ಒಂದು ಪೂರ್ತಿ ಸುತ್ತು ತಿರುಗಿ ಮತ್ತೆ ಬಾಯಿ ಮೇಲಾಗುತ್ತದೆ. ಮಣಗಟ್ಟಲೆ ತೂಗುವ ಕಂಚನ್ನು ಅವಸರಪಡಿಸಲು ಬರುವುದಿಲ್ಲವಾದ್ದರಿಂದ ನಿಯಮವೂ ಹಾಗೆಯೇ ಹುಟ್ಟಿತು. ಒಮ್ಮೆ ಬಂದ ಸಾಲು ಮತ್ತೆ ಬರಕೂಡದು. ಆರು ಗಂಟೆಗೆ 720 ಸಾಲು, ಏಳಕ್ಕೆ 5,040, ಎಂಟಕ್ಕೆ 40,320. ಎಂಟು ಗಂಟೆಯ ಆ ಪೂರ್ತಿ ಲೆಕ್ಕವನ್ನು 1963ರಲ್ಲಿ ಲಫ್‌ಬರೋ ಊರಿನಲ್ಲಿ ಎಂಟು ಜನ ಸುಮಾರು 18 ತಾಸು, ಕೈಬದಲಿಲ್ಲದೆ, ಬಾರಿಸಿ ಮುಗಿಸಿದರು. ಯಾರ ಮುಂದೆಯೂ ಕಾಗದವಿಲ್ಲ, ಎಲ್ಲ ತಲೆಯಲ್ಲಿ.

5,040 ಎಂದ ಕೂಡಲೇ ಕಿವಿ ನೆಟ್ಟಗಾಯಿತು. ಏಳು ಸ್ವರಗಳನ್ನು ಅದಲುಬದಲು ಮಾಡಿದರೆ ಎಷ್ಟು ತಾನಗಳಾಗುತ್ತವೆ ಎಂದು ಶಾರ್ಙ್ಗದೇವ 13ನೇ ಶತಮಾನದಲ್ಲಿ, ದೇವಗಿರಿಯ ಸೇವುಣರ ಆಸರೆಯಲ್ಲಿ ಕೂತು, ಸಂಗೀತರತ್ನಾಕರದಲ್ಲಿ ಲೆಕ್ಕ ಹಾಕಿದ್ದಾನೆ. ಪ್ರಸ್ತಾರದ ಎಷ್ಟನೆಯ ಸಾಲಿನಲ್ಲಿ ಯಾವ ಕ್ರಮ ಎಂದು ಹೇಳಲು ಖಂಡಮೇರು ಎಂಬ ಕೋಷ್ಟಕವನ್ನೇ ಕೊಟ್ಟಿದ್ದಾನೆ. ಅವನ ಉತ್ತರವೂ 5,040. ನಮ್ಮಲ್ಲಿ ಅದು ಪಂಡಿತರ ಪುಸ್ತಕದಲ್ಲಿ ಉಳಿಯಿತು; ಇಲ್ಲಿ ಅಂಚೆಯವಳ ತೋಳಿಗೆ ಬಂದಿದೆ. ಗೋಪುರದಿಂದ ಇಳಿಯುವಾಗ, ಇವರು ನಿಮ್ಮನ್ನು ಧರ್ಮ ಯಾವುದೆಂದು ಕೇಳಲಿಲ್ಲವೇ ಎಂದೆ. "ಎಣಿಸಾಕ ಬರ್ತದೇನು ಅಂತ ಕೇಳಿದ್ರು, ಅಷ್ಟ" ಅಂದರು.

ಸ್ಟೋನ್‌ಹೆಂಜಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಗ್ಗದಾಚೆಯಿಂದ ನೋಡಿದೆ, ಜೊತೆಗೆ ಜಗತ್ತಿನ ಅರ್ಧ ಜನ ನೋಡುತ್ತಿದ್ದರು. ಏವ್‌ಬರಿಯ ಒರಟು ಬಂಡೆಗಳನ್ನು ಮುಟ್ಟಿದ ಕೈಗೆ ದೂರದ ದರ್ಶನ ರುಚಿಸಲಿಲ್ಲ. ಆದರೂ ತಲೆಗಲ್ಲುಗಳು ಜಾರದಂತೆ ಕಂಬದ ನೆತ್ತಿಯಲ್ಲಿ ಗೂಟ ಉಳಿಸಿ, ಮೇಲಿನ ಕಲ್ಲಿಗೆ ಕುಳಿ ಕೊರೆದು, ಬಡಗಿಯ ಬೆಸುಗೆಯನ್ನು ಕಲ್ಲಿನಲ್ಲಿ ಮಾಡಿದ್ದಾರಲ್ಲ, ಅದಕ್ಕೆ ತಲೆಬಾಗದೆ ಇರಲಾಗಲಿಲ್ಲ. ದೊಡ್ಡ ಕಲ್ಲುಗಳು ಬಹುಪಾಲು ಮಾರ್ಲ್‌ಬರೋ ಪಕ್ಕದ ವೆಸ್ಟ್ ವುಡ್ಸ್ ಕಾಡಿನವು, ಸಣ್ಣವು ವೇಲ್ಸಿನ ಬೆಟ್ಟದವು. ನಡುವೆ ಮಲಗಿರುವ ಬಲಿಪೀಠದ ಕಲ್ಲು ಸ್ಕಾಟ್ಲೆಂಡಿನ ಈಶಾನ್ಯ ಮೂಲೆಯದೆಂದು 2024ರಲ್ಲಿ ವಿಜ್ಞಾನಿಗಳು ತೋರಿಸಿದರು. ಎಂದರೆ ಸುಮಾರು 750 ಕಿಲೋಮೀಟರ್ ಆಚೆಯದು. 1915ರ ಹರಾಜಿನಲ್ಲಿ ಸಿಸಿಲ್ ಚಬ್ ಎಂಬಾತ ಇದನ್ನೆಲ್ಲ 6,600 ಪೌಂಡಿಗೆ ಕೊಂಡು, 1918ರಲ್ಲಿ ದೇಶಕ್ಕೆ ದಾನ ಕೊಟ್ಟ.

ಸಾಲ್ಸ್‌ಬರಿಯ ಮಹಾಚರ್ಚಿನಲ್ಲಿ ಮಾತ್ರ ಕಾಲು ನಿಂತಲ್ಲೇ ನಿಂತಿತು. 123 ಮೀಟರ್ ಎತ್ತರದ ಗೋಪುರ, ಬ್ರಿಟನ್ನಿನ ಚರ್ಚುಗಳಲ್ಲೇ ಎತ್ತರದ್ದು. ತಳಪಾಯ ನೋಡಿದರೆ ಆಳೆತ್ತರಕ್ಕೂ ಕಡಿಮೆ. ಕೆಳಗೆ ಒದ್ದೆ ಜಲ್ಲಿ. ನೆಲದ ಒಂದು ಚಪ್ಪಡಿ ಎತ್ತಿ ಕೋಲು ಇಳಿಸಿ ನೀರಿನ ಮಟ್ಟ ನೋಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಮೇಲಿನ ಭಾರಕ್ಕೆ ನಡುವಿನ ಕಂಬಗಳು ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಒಳಗೆ 1215ರ ಮ್ಯಾಗ್ನಾ ಕಾರ್ಟಾದ ಉಳಿದಿರುವ ನಾಲ್ಕು ಪ್ರತಿಗಳಲ್ಲೊಂದು. ನನ್ನನ್ನು ಹಿಡಿದದ್ದು ಅದರ ಹತ್ತಿರದ ಜನಜಂಗುಳಿಯಲ್ಲ, ಒಂದು ಪಕ್ಕದಲ್ಲಿ ಯಾರ ಗೊಡವೆಯೂ ಇಲ್ಲದೆ ಟಿಕ್ಕೆನ್ನುತ್ತಿದ್ದ ಕಬ್ಬಿಣದ ಗಡಿಯಾರ. ಸುಮಾರು 1386ರದ್ದು. ಮುಖವಿಲ್ಲ, ಮುಳ್ಳಿಲ್ಲ, ಗಂಟೆ ಬಾರಿಸಲೆಂದೇ ಮಾಡಿದ್ದು. ಹೊರಗೆ ಬಂದರೆ ಕಲ್ಲುಕೆಲಸದವರ ಅಂಗಳದಿಂದ ಉಳಿಯ ಸದ್ದು.

ಲೇಕಾಕಿನಲ್ಲಿ ವಿದ್ಯುತ್ ತಂತಿಗಳೆಲ್ಲ ನೆಲದೊಳಗೆ, ಮನೆಗಳ ಮೇಲೆ ಆಂಟೆನಾ ಇಲ್ಲ. ಸಿನಿಮಾದವರು ಬರುವುದು ಅದಕ್ಕೇ. ನಾನು ನೋಡಬೇಕೆಂದದ್ದು ಅಲ್ಲಿನ ಹಳೆಯ ಸನ್ಯಾಸಿನಿಯರ ಮಠದ ಒಂದು ಕಿಟಕಿ. 1835ರ ಆಗಸ್ಟಿನಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ ಅದೇ ಕಿಟಕಿಯ ನೆರಳನ್ನು ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಕಾಗದದ ಮೇಲೆ ಹಿಡಿದ. ಇಂದಿಗೂ ಉಳಿದಿರುವ ಅತಿ ಹಳೆಯ ಫೋಟೋ ನೆಗೆಟಿವ್ ಅದು. ಕಿಟಕಿಯ ಮುಂದೆ ಎಲ್ಲರೂ ಮೊಬೈಲ್ ಎತ್ತಿ ಹಿಡಿದಿದ್ದರು. ನಾನೂ ಎತ್ತಿದೆ.

ಡಿವೈಜಸ್ ಊರಿನ ಕೇನ್ ಹಿಲ್‌ನಲ್ಲಿ ಕಾಲುವೆ ಬೆಟ್ಟ ಹತ್ತುತ್ತದೆ. ಸುಮಾರು ಮೂರು ಕಿಲೋಮೀಟರಿನಲ್ಲಿ 29 ತಡೆಬಾಗಿಲ ತೊಟ್ಟಿಗಳು, ಅದರಲ್ಲಿ 16 ಒಂದೇ ಸಾಲಿನಲ್ಲಿ, ಮೆಟ್ಟಿಲುಮೆಟ್ಟಿಲಾಗಿ. ಜಾನ್ ರೆನ್ನಿಯ ಲೆಕ್ಕಾಚಾರ, 1810ರಲ್ಲಿ ಮುಗಿದದ್ದು. ದೋಣಿ ತೊಟ್ಟಿಯೊಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನ ಕಿಂಡಿ ತೆರೆದರೆ ನೀರು ತುಂಬಿ ದೋಣಿ ಮೇಲೇಳುತ್ತದೆ. ಮಟ್ಟ ಸಮವಾದಾಗ ಬಾಗಿಲು ತಾನೇ ಸಡಿಲ. ಎಲ್ಲ ಹತ್ತಲು ಐದಾರು ತಾಸು ಬೇಕು. ಉದ್ದ ತೆಳ್ಳನೆಯ ಒಂದು ದೋಣಿಮನೆಯಲ್ಲಿ ಬಂದ ದಂಪತಿ, ನೋಡುತ್ತ ನಿಂತ ನಮ್ಮನ್ನೂ ಕೆಲಸಕ್ಕೆ ಹಚ್ಚಿದರು. ಬಾಗಿಲ ತೊಲೆಗೆ ಬೆನ್ನುಕೊಟ್ಟು, ನೆಲದಲ್ಲಿ ಸಾಲಾಗಿ ಹುಗಿದ ಇಟ್ಟಿಗೆಗೆ ಹಿಮ್ಮಡಿ ಒತ್ತಿ ನೂಕಿದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಇಡೀ ಕಾಲುವೆ ನಮ್ಮ ಮಾತು ಕೇಳತೊಡಗುತ್ತದೆ. ರೈಲು ಬಂದು ಈ ಕಾಲುವೆಯ ಹೊಟ್ಟೆಗೆ ಹೊಡೆಯಿತು. 1852ರಲ್ಲಿ ರೈಲು ಕಂಪನಿಯೇ ಇದನ್ನು ಕೊಂಡಿತು. 20ನೇ ಶತಮಾನದ ನಡುವಿಗೆ ತೊಟ್ಟಿಗಳಲ್ಲಿ ಹುಲ್ಲು ಬೆಳೆದಿತ್ತು. ಕಾಲುವೆಯ ಅಭಿಮಾನಿಗಳು ರಜಾದಿನಗಳಲ್ಲಿ ಬಂದು ಹೂಳೆತ್ತಿ, ದುಡ್ಡು ಕೂಡಿಸಿ, 1990ರಲ್ಲಿ ರಾಣಿಯಿಂದ ಮತ್ತೆ ತೆರೆಸಿದರು.

ವಾರದ ಕೊನೆಗೆ ಅಫಿಂಗ್ಟನ್. ಹಸಿರು ಬೆಟ್ಟದ ಇಳುಕಲಿನಲ್ಲಿ 110 ಮೀಟರ್ ಉದ್ದದ ಬಿಳಿಯ ಕುದುರೆ, ನಾಲ್ಕೈದು ಗೆರೆಗಳಲ್ಲಿ ಎಳೆದಂತೆ ಓಡುತ್ತಿದೆ. ಹುಲ್ಲು ಕೆತ್ತಿ, ಕಾಲುವೆ ತೋಡಿ, ಒಳಗೆ ಸೀಮೆಸುಣ್ಣ ಬಡಿದು ತುಂಬಿದ್ದು. ಮಣ್ಣಿನ ಪರೀಕ್ಷೆ ಅದಕ್ಕೆ ಸುಮಾರು 3,000 ವರ್ಷ ಎನ್ನುತ್ತದೆ. ವಿಲ್ಟ್‌ಶೈರಿನ ಗುಡ್ಡಗಳಲ್ಲೂ ಬಿಳಿ ಕುದುರೆಗಳಿವೆ, ಆದರೆ ಅವೆಲ್ಲ ನಿನ್ನೆ ಮೊನ್ನೆಯವು, ಹೆಚ್ಚೆಂದರೆ ಮುನ್ನೂರು ವರ್ಷ. ಈ ಕುದುರೆಯನ್ನು ನೋಡಿಕೊಳ್ಳದೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಹುಲ್ಲು ನುಂಗಿಬಿಡುತ್ತದೆ. ಆದ್ದರಿಂದ ಲೆಕ್ಕ ಸರಳ: ಸರಿಸುಮಾರು ನೂರು ತಲೆಮಾರಿನವರು, ಒಬ್ಬರೂ ತಪ್ಪದೆ, ಬೆಟ್ಟ ಹತ್ತಿ ಕೆರೆದಿದ್ದಾರೆ. ನಡುವೆ ದೇವರುಗಳು ಬದಲಾದರು, ಭಾಷೆ ಬದಲಾಯಿತು, ರೋಮನ್ನರು ಬಂದು ಹೋದರು, ಕೆರೆಯುವುದು ನಿಲ್ಲಲಿಲ್ಲ. ಹಿಂದೆ ಇದು ಜಾತ್ರೆಯೇ ಆಗಿತ್ತಂತೆ, ಕುಸ್ತಿ, ಕುಡಿತ, ಇಳಿಜಾರಿನಲ್ಲಿ ಗಿಣ್ಣಿನ ಗಾಲಿ ಉರುಳಿಸುವ ಪಂದ್ಯ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಗುರುತಾಗಬಾರದೆಂದು ಕುದುರೆಯನ್ನು ಮುಚ್ಚಿದ್ದರು, ಮುಗಿದ ಮೇಲೆ ಮತ್ತೆ ತೆರೆದರು.

ಈಗ ಬೇಸಿಗೆಯಲ್ಲಿ ನ್ಯಾಷನಲ್ ಟ್ರಸ್ಟ್‌ನವರು ಯಾರು ಬೇಕಾದರೂ ಬನ್ನಿ ಎಂದು ಕರೆಯುತ್ತಾರೆ. ಸಾಲಿನಲ್ಲಿ ನಿಂತರೆ ಮೊಣಕಾಲಿಗೆ ಒಂದು ಮೆತ್ತೆ, ಕೈಗೆ ಸುತ್ತಿಗೆ, ಒಂದು ಬಕೆಟ್ ಸುಣ್ಣದ ಕಲ್ಲು. ಕಳೆ ಕಿತ್ತು, ಕಲ್ಲು ಸುರಿದು, ಮೇಲಿನ ಪದರ ಹಿಟ್ಟಾಗಿ ಕೂಡಿಕೊಳ್ಳುವವರೆಗೆ ಬಡಿಯಬೇಕು. ಹತ್ತಿರದಿಂದ ಕುದುರೆ ಕಾಣುವುದೇ ಇಲ್ಲ, ಬರೀ ಬಿಳಿ ಓಣಿ. ಬಿಸಿಲಿಗೆ ಅದು ಕಣ್ಣು ಕುಕ್ಕುತ್ತದೆ. ಅಕ್ಕಪಕ್ಕ ಅಜ್ಜಿಯರು, ಮಕ್ಕಳು, ಟಕಟಕ ಟಕಟಕ. ಮೇಲೆ ಬಾನಾಡಿ ಹಕ್ಕಿ ಒಂದು ಉಸಿರು ಬಿಡದೆ ಹಾಡುತ್ತಿತ್ತು.

"ಅಕ್ಕಾರ, ನಿಮಗ ಯಾವ ಭಾಗ ಸಿಕ್ಕೇತಿ?" ಎಂದು ಕೆಳಗಿನಿಂದ ಕೂಗಿ ಕೇಳಿದರು ಗೆಳತಿಯ ಗಂಡ, ಅವರು ಮುಂಗಾಲಿನ ಹತ್ತಿರವೆಲ್ಲೋ ಇದ್ದರು.

ಉಸ್ತುವಾರಿಯ ಹುಡುಗಿಯನ್ನು ಕೇಳಿದೆ. ಬಾಲ ಎಂದಳು. ಮೂರು ಸಾವಿರ ವರ್ಷದ ಕುದುರೆಯ ಬಾಲ ಹಿಡಿದಿದ್ದೇನೆ ಎಂದು ನಾನು ಜಂಬ ಕೊಚ್ಚಿಕೊಳ್ಳಲು ಸುತ್ತಿಗೆ ಕೆಳಗಿಟ್ಟೆ. "ಅರ್ಧ ಬಕೆಟ್ ಹಾಗೇ ಇದೆ, ಮಾತು ಆಮೇಲೆ ಆಡು, ಬಡಿಯೇ" ಅಂದಳು ಗೆಳತಿ, ಮೂಗಿನ ತುದಿಯವರೆಗೂ ಸುಣ್ಣವಾಗಿ.